ಊರ ಗೋಡೆಗೆ ಊರಿನದೇ ಕಥೆ

ನಮ್ಮ ನಗರ, ಪಟ್ಟಣಗಳ ಗೋಡೆಗಳಿಗೆ ಚಿತ್ರಭಾಗ್ಯ ಬಂದು ಬಹಳ ಕಾಲವಾಗಿಲ್ಲ. 2009ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಸ್ತೆ ಬದಿಯ ಗೋಡೆಗಳ ಮೇಲೆ ಚಿತ್ರ ಬರೆಸಲು ಹೊರಟಾಗ, ಸಿನಿಮಾ ಕಟೌಟುಗಳ ಕಾಲ ಮುಗಿದು ಕೈಕಟ್ಟಿ ಕುಳಿತಿದ್ದ ಅನೇಕ ಕಲಾವಿದರು ಮತ್ತೆ ಕುಂಚ ಹಿಡಿದರು. ಮೈಸೂರು ಅರಮನೆ, ಜೋಗ ಜಲಪಾತ, ಹಂಪಿಯ ಕಲ್ಲಿನ ರಥ, ಕಾಡಿನ ಹುಲಿ ರಾಜಧಾನಿಯ ರಸ್ತೆಗಳಲ್ಲಿ ಸಾಲಾಗಿ ನಿಂತವು. ಬರಬರುತ್ತಾ ಇದು ಜಿಲ್ಲಾ ಕೇಂದ್ರಗಳಿಗೂ ತಾಲ್ಲೂಕು ಪಟ್ಟಣಗಳಿಗೂ ಹಬ್ಬಿತು. ಆಸ್ಪತ್ರೆಯ ಕಾಂಪೌಂಡು, ಬಸ್ ನಿಲ್ದಾಣದ ಹಿಂಗೋಡೆ, ಸರ್ಕಾರಿ ಕಚೇರಿಗಳ ಆವರಣ ಎಲ್ಲವೂ ಬಣ್ಣ ಕಂಡವು. ಹಲವು ಸರ್ಕಾರಿ ಶಾಲೆಗಳ ಹೊರಗೋಡೆಗಳು ರೈಲು ಬೋಗಿಗಳಾದವು. ಮೂತ್ರದ ವಾಸನೆಗೆ ಮೂಗು ಮುಚ್ಚಿಕೊಂಡು ದಾಟುತ್ತಿದ್ದ ಮೂಲೆಗಳಲ್ಲಿ ಜನ ಒಂದು ಕ್ಷಣ ನಿಂತು ನೋಡುವಂತಾದುದನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಈ ಚಿತ್ರಗಳನ್ನು ಹತ್ತೂರಿನಲ್ಲಿ ನೋಡಿದವರಿಗೆ ಒಂದು ಸಂಶಯ ಹುಟ್ಟದೆ ಇರದು. ಎಲ್ಲ ಊರುಗಳಲ್ಲೂ ಅದೇ ರಥ, ಅದೇ ಜಲಪಾತ, ಅದೇ ಯಕ್ಷಗಾನದ ಕಿರೀಟ. ಬಯಲುಸೀಮೆಯ ಊರಿನ ಗೋಡೆಯ ಮೇಲೆ ಕಡಲತೀರದ ತೆಂಗು ತೂಗುತ್ತದೆ. ಹುಲಿಯ ಹೆಜ್ಜೆಯನ್ನೇ ಕಾಣದ ಹೋಬಳಿಯಲ್ಲಿ ಹುಲಿ ಗರ್ಜಿಸುತ್ತದೆ. ನಾಡಿನ ಹೆಮ್ಮೆಯ ಚಿತ್ರಗಳು ಎಲ್ಲೆಡೆ ಇರಲಿ, ತಪ್ಪಿಲ್ಲ. ಆದರೆ ಊರಿನವರು ದಿನವೂ ನೋಡುವ ಗೋಡೆಯ ಮೇಲೆ ಊರೇ ಕಾಣದಿದ್ದರೆ ಅದು ವಿಚಿತ್ರ. ಪಠ್ಯಪುಸ್ತಕದಲ್ಲಿ ತಾಲ್ಲೂಕಿನ ಇತಿಹಾಸಕ್ಕೆ ಜಾಗವಿಲ್ಲ. ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಅದು ವರ್ಷಕ್ಕೊಮ್ಮೆ ಇಣುಕಿದರೆ ಹೆಚ್ಚು. ಗೋಡೆಯೂ ಕೈಬಿಟ್ಟರೆ ಊರಿನ ನೆನಪು ಉಳಿಯುವುದೆಲ್ಲಿ?

ಈ ಪ್ರಶ್ನೆಯನ್ನು ಒಂದು ಊರಿಗೆ ಕಟ್ಟಿ ನೋಡುವುದು ಒಳ್ಳೆಯದು. ನಾನು ಆಯ್ದುಕೊಂಡಿರುವುದು ಚನ್ನಗಿರಿಯನ್ನು. ದಾವಣಗೆರೆ ಜಿಲ್ಲೆಯ ಈ ತಾಲ್ಲೂಕು ಕೇಂದ್ರ ಹೊರಗಿನವರಿಗೆ ಪರಿಚಯವಿರುವುದು ಮುಖ್ಯವಾಗಿ ಅಡಿಕೆಯ ಮೂಲಕ. ಅಡಿಕೆ ಧಾರಣೆಯ ಪಟ್ಟಿಯಲ್ಲಿ ಅದರ ಹೆಸರು ಓದಿದವರು ಅಸಂಖ್ಯ. ಇತಿಹಾಸದ ಪಟ್ಟಿಯಲ್ಲಿ ಹುಡುಕುವವರು ವಿರಳ. ಆದರೆ ಈ ತಾಲ್ಲೂಕಿನ ಗಡಿಯೊಳಗೆ ಇರುವಷ್ಟು ಕಥೆಗಳು, ಅದರಲ್ಲೂ ಒಂದರೊಳಗೊಂದು ಹೆಣೆದುಕೊಂಡ ಕಥೆಗಳು, ದೊಡ್ಡ ದೊಡ್ಡ ಪ್ರವಾಸಿ ತಾಣಗಳಲ್ಲೂ ಸಿಗಲಾರವು. ಅವನ್ನು ಗೋಡೆಗೆ ಏರಿಸಬೇಕೆಂದರೆ ಏನೇನು ಎದುರಾಗುತ್ತದೆ ಎಂಬುದನ್ನು ನೋಡೋಣ.

ಮೊದಲನೆಯದು ಊರಿನ ಹೆಸರು. 17ನೇ ಶತಮಾನದ ಉತ್ತರಾರ್ಧದಲ್ಲಿ ಸುಮಾರು ಕಾಲು ಶತಮಾನ ಕೆಳದಿ ರಾಜ್ಯವನ್ನು ಆಳಿದ ರಾಣಿ ಚನ್ನಮ್ಮಾಜಿಯ ಹೆಸರನ್ನೇ ಈ ಊರು ಹೊತ್ತಿದೆ ಎಂಬುದು ಎಲ್ಲರೂ ಒಪ್ಪಿಕೊಂಡು ಬಂದ ಮಾತು. ಊರಿನ ಪಕ್ಕದ ಗುಡ್ಡದ ಮೇಲೆ ಕೋಟೆಯಿದೆ, ಕೋಟೆಯೊಳಗೆ ಬೇಟೆ ರಂಗನಾಥನ ಗುಡಿಯಿದೆ. ಗೋಡೆಚಿತ್ರಕ್ಕೆ ಇದಕ್ಕಿಂತ ಸುಲಭದ ವಿಷಯ ಯಾವುದು ಎನಿಸಬಹುದು. ಆದರೆ ಕೋಟೆಯನ್ನು ಚನ್ನಮ್ಮಾಜಿ 1770ರಲ್ಲಿ ಕಟ್ಟಿಸಿದಳು ಎಂಬ ವಾಕ್ಯ ಅಂತರ್ಜಾಲದಲ್ಲಿ ಓಡಾಡುತ್ತಿದೆ. ಚನ್ನಮ್ಮಾಜಿಯ ಕಾಲ ಮುಗಿದದ್ದು 17ನೇ ಶತಮಾನದ ಕೊನೆಯಲ್ಲಿ. ಹೈದರಾಲಿಯ ಕೈಗೆ ಸಿಕ್ಕು ಕೆಳದಿ ರಾಜ್ಯವೇ ಅಳಿದದ್ದು 1763ರಲ್ಲಿ. ಹಾಗಿರುವಾಗ 1770ರಲ್ಲಿ ಅವಳು ಕೋಟೆ ಕಟ್ಟಿಸುವುದಾದರೂ ಹೇಗೆ? ಪುಸ್ತಕದ ತಪ್ಪು ಕಪಾಟಿನೊಳಗೆ ಮುಚ್ಚಿಕೊಂಡಿರುತ್ತದೆ. ಗೋಡೆಯ ಮೇಲೆ ಬರೆದ ತಪ್ಪು ಇಸವಿಯನ್ನು ಮಕ್ಕಳು ದಿನವೂ ಓದುತ್ತಾರೆ, ಪರೀಕ್ಷೆಯಲ್ಲೂ ಬರೆಯುತ್ತಾರೆ. ಆದ್ದರಿಂದ ಬಣ್ಣದ ಡಬ್ಬ ತೆರೆಯುವ ಮೊದಲು ಇತಿಹಾಸದ ಪುಟಗಳನ್ನು ತೆರೆಯಬೇಕಾಗುತ್ತದೆ.

ಎರಡನೆಯದು ಹೊದಿಗೆರೆ. ಇದೇ ತಾಲ್ಲೂಕಿನ ಈ ಹಳ್ಳಿಯಲ್ಲಿ ಶಿವಾಜಿಯ ತಂದೆ ಷಹಾಜಿ ಭೋಂಸ್ಲೆಯ ಸಮಾಧಿಯಿದೆ. 1664ರಲ್ಲಿ ಬೇಟೆಯ ವೇಳೆ ಕುದುರೆಯಿಂದ ಬಿದ್ದು ಆತ ಇಲ್ಲಿ ತೀರಿಕೊಂಡ. ಆಮೇಲೆ ಕಾಲು ಶತಮಾನ ಕಳೆದು, 1689ರಲ್ಲಿ, ಔರಂಗಜೇಬನ ಸೇನೆಗೆ ಸಿಕ್ಕದಂತೆ ಜಿಂಜಿಯತ್ತ ಹೊರಟ ಶಿವಾಜಿಯ ಮಗ ರಾಜಾರಾಮ ಕೆಳದಿಯ ನೆಲವನ್ನು ಹಾದುಹೋದ. ಅವನಿಗೆ ಆಶ್ರಯ ಕೊಟ್ಟು, ಅದರಿಂದ ಮೊಘಲರ ಮುನಿಸನ್ನು ಮೈಮೇಲೆ ಎಳೆದುಕೊಂಡವಳು ಚನ್ನಮ್ಮಾಜಿ. ಅಜ್ಜ ಮಣ್ಣಾದ ಹೊದಿಗೆರೆ, ಮೊಮ್ಮಗನನ್ನು ಕಾಪಾಡಿದ ರಾಣಿಯ ಹೆಸರಿನ ಊರು, ಎರಡೂ ಒಂದೇ ತಾಲ್ಲೂಕಿನಲ್ಲಿವೆ. ಇದು ಚನ್ನಗಿರಿಯ ಎಷ್ಟು ವಿದ್ಯಾರ್ಥಿಗಳಿಗೆ ಗೊತ್ತು?

ಮೂರನೆಯದು ಸಂತೇಬೆನ್ನೂರು. ಪಾಳೆಯಗಾರರು ಕಟ್ಟಿಸಿದ ಪುಷ್ಕರಣಿ, ನೀರಿನ ನಡುವೆ ವಸಂತ ಮಂಟಪ, ಸುತ್ತ ಗೋಪುರದಂಥ ಪುಟ್ಟ ಮಂಟಪಗಳು. ಅದರ ಪಕ್ಕದಲ್ಲೇ ಮುಸಾಫಿರಖಾನೆ. ಕ್ಯಾಲೆಂಡರಿಗೆ ಹೇಳಿ ಮಾಡಿಸಿದಂತಹ ನೋಟ. ಆದರೆ ಅದರ ಹಿಂದಿನ ಕಥೆ ಅಷ್ಟು ಶಾಂತವಲ್ಲ. ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ದಾಳಿಯಲ್ಲಿ ಇಲ್ಲಿದ್ದ ರಂಗನಾಥ ದೇವಾಲಯ ನಾಶವಾಗಿ ಆ ಜಾಗದಲ್ಲಿ ಈ ಕಟ್ಟಡ ಎದ್ದಿತೆಂದೂ ಪಾಳೆಯಗಾರ ಮುಂದೆ ಅದಕ್ಕೆ ಸೇಡು ತೀರಿಸಿಕೊಂಡನೆಂದೂ ಸ್ಥಳೀಯ ಇತಿಹಾಸ ಹೇಳುತ್ತದೆ. ಪಾಳೆಯಗಾರರ ಮನೆತನ ಕಡೆಗೆ ತರೀಕೆರೆಯ ಕಡೆಗೆ ಸರಿಯಿತು.

ಇಂಥ ಕಥೆಯನ್ನು ಗೋಡೆಗೆ ಏರಿಸಬೇಕೆ ಎಂದು ಕೇಳುವವರು ಇದ್ದಾರೆ. ಅರ್ಧ ಕಥೆಯನ್ನು ಮಾತ್ರ ಏರಿಸಲು ಕಾದಿರುವವರೂ ಇದ್ದಾರೆ. ಇಬ್ಬರಿಗೂ ಒಂದು ಸಂಗತಿ ನೆನಪಿಸಬೇಕು. 1630ರ ದಶಕದಲ್ಲಿ ಕರ್ನಾಟಕದ ಮೇಲೆ ದಂಡೆತ್ತಿ ಬಂದ ರಣದುಲ್ಲಾ ಖಾನನ ಜೊತೆಗಿದ್ದ ಪ್ರಮುಖ ಸರದಾರ ಇದೇ ಷಹಾಜಿ. 1638ರಲ್ಲಿ ಕೆಂಪೇಗೌಡರ ವಂಶದವರಿಂದ ಬೆಂಗಳೂರು ಕೈತಪ್ಪಿ ಷಹಾಜಿಯ ಪಾಲಾದದ್ದು ಆ ದಂಡಯಾತ್ರೆಯ ಫಲ. ಅಂದರೆ ಸಂತೇಬೆನ್ನೂರಿನ ಗೋಡೆಯ ಮೇಲೆ ಬರುವ ಸೇನಾನಿಯೂ ಹೊದಿಗೆರೆಯ ಸಮಾಧಿಯಲ್ಲಿ ಮಲಗಿರುವ ಸರದಾರನೂ ಒಂದೇ ಸುಲ್ತಾನನ ಸೇವೆಯಲ್ಲಿದ್ದವರು. ಆ ಸರದಾರನ ಮೊಮ್ಮಗನಿಗೆ ಮುಂದೆ ಕನ್ನಡದ ರಾಣಿಯೊಬ್ಬಳು ನೆರಳಾದಳು. ನಮ್ಮವರು, ಪರರು ಎಂದು ಎರಡೇ ಬಣ್ಣ ಇಟ್ಟುಕೊಂಡು ಈ ಚಿತ್ರ ಬರೆಯಲು ಸಾಧ್ಯವಿಲ್ಲ. ಒಂದು ತಾಲ್ಲೂಕಿನ ಇತಿಹಾಸವನ್ನು ಪೂರ್ತಿ ಹೇಳಿದಾಗಲಷ್ಟೇ ಈ ತಿಳಿವಳಿಕೆ ಬರುತ್ತದೆ. ತುಂಡು ಮಾಡಿ ಹೇಳಿದರೆ ಅದು ಜಗಳಕ್ಕೆ ಸಾಮಗ್ರಿಯಾಗುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ನಾಜೂಕಿನದು: ಸೂಳೆಕೆರೆ. ಎರಡು ಗುಡ್ಡಗಳ ನಡುವೆ ಏರಿ ಹಾಕಿ ನಿಲ್ಲಿಸಿದ, ಸುಮಾರು 6,500 ಎಕರೆ ಹರಡಿದ ಈ ಕೆರೆ ಹನ್ನೊಂದು, ಹನ್ನೆರಡನೇ ಶತಮಾನದ ಕಾಲದ್ದೆಂದು ಹೇಳಲಾಗುತ್ತದೆ. ಸಿದ್ದನಾಲೆ, ಬಸವನಾಲೆಗಳ ಮೂಲಕ ಅದು ಹೊಲಗದ್ದೆಗಳಿಗೆ ನೀರು ಹರಿಸುತ್ತಾ ಬಂದಿದೆ; ಚಿತ್ರದುರ್ಗದಂತಹ ದೂರದ ಊರಿಗೂ ಕುಡಿಯುವ ನೀರು ಕೊಟ್ಟಿದೆ. ಅದನ್ನು ಕಟ್ಟಿಸಿದವಳು ಶಾಂತವ್ವ ಎಂಬ ರಾಜಕುವರಿ ಎಂದು ಜನಪದ ಕಥೆ. ಆ ಕಥೆಯ ಒಂದು ಪಾಠದಂತೆ, ಕೆರೆ ಕಟ್ಟಬೇಕಾದ ಜಾಗದಲ್ಲಿ ಸೂಳೆಯರು ನೆಲೆಸಿದ್ದರು. ಜಾಗ ಬಿಟ್ಟುಕೊಡುತ್ತೇವೆ, ಆದರೆ ಕೆರೆಗೆ ನಮ್ಮ ಹೆಸರು ನಿಲ್ಲಬೇಕು ಎಂದು ಅವರು ಕೇಳಿಕೊಂಡರು. ಹೆಸರು ನಿಂತಿತು.

ಆ ಮೇಲೆ ಸಭ್ಯರ ಕಾಲ ಬಂತು. ಕೆರೆಗೆ ಶಾಂತಿಸಾಗರ ಎಂಬ ಹೆಸರು ಬಂದು, ಕಡತಗಳಲ್ಲಿ, ನಾಮಫಲಕಗಳಲ್ಲಿ ಅದು ನೆಲೆಯೂರಿತು. ಶಾಂತವ್ವನ ನೆನಪಾದರೂ ಅದರಲ್ಲಿದೆ ಎಂದು ಸಮಾಧಾನ ಮಾಡಿಕೊಳ್ಳಬಹುದು. ಆದರೆ ಜಾಗ ಬಿಟ್ಟುಕೊಟ್ಟವರಿಗೆ ಕೊಟ್ಟ ಮಾತು? ಸೂಳೆ ಎಂಬ ಪದ ಹಿಂದೆ ಇಂದಿನ ಬೈಗುಳವಾಗಿರಲಿಲ್ಲ. ದೇವಾಲಯಗಳಿಗೆ ದತ್ತಿ ಬಿಟ್ಟ ಸೂಳೆಯರ ಹೆಸರುಗಳು ಶಾಸನಗಳಲ್ಲಿವೆ. ಹನ್ನೆರಡನೇ ಶತಮಾನದ ವಚನಕಾರ್ತಿಯರಲ್ಲಿ ಒಬ್ಬಳನ್ನು ನಾವು ಇಂದಿಗೂ ಸೂಳೆ ಸಂಕವ್ವೆ ಎಂದೇ ಗೌರವದಿಂದ ಕರೆಯುತ್ತೇವೆ. ಹಾಗಿದ್ದರೂ ನಾಳೆ ಚನ್ನಗಿರಿಯ ಬಸ್ ನಿಲ್ದಾಣದ ಗೋಡೆಯ ಮೇಲೆ ಈ ಕೆರೆಯ ಚಿತ್ರ ಬಂದರೆ, ಅದರ ಕೆಳಗೆ ಏನು ಬರೆಯುವುದು? ನನ್ನನ್ನು ಕೇಳಿದರೆ ಎರಡೂ ಹೆಸರು ಬರೆಯಬೇಕು, ಯಾಕೆ ಎರಡು ಎಂಬುದನ್ನೂ ಎರಡು ಸಾಲಿನಲ್ಲಿ ಹೇಳಬೇಕು. ಆ ಎರಡು ಸಾಲನ್ನು ಓದಿದ ಹುಡುಗಿಯೊಬ್ಬಳು ಮನೆಗೆ ಹೋಗಿ ಅಮ್ಮನನ್ನು ಪ್ರಶ್ನೆ ಕೇಳಿದರೆ ಗೋಡೆಗೆ ಹಾಕಿದ ಖರ್ಚು ಸಾರ್ಥಕ.

ಹಾಗೆಂದು ಇತಿಹಾಸವೆಂದರೆ ಮುನ್ನೂರು ವರ್ಷದ ಹಿಂದಿನದೇ ಆಗಬೇಕಿಲ್ಲ. ಈ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಸಮಾಜವಾದಿ ಪಕ್ಷದಿಂದ ಗೆದ್ದು ಲೋಕಸಭೆಗೆ ಹೋಗಿ, ಅಲ್ಲಿ ಕನ್ನಡದಲ್ಲೇ ಮಾತನಾಡಿದರು. ಅದುವರೆಗೆ ಆ ಸದನದಲ್ಲಿ ಕನ್ನಡದ ಭಾಷಣ ಕೇಳಿಬಂದಿರಲಿಲ್ಲ. ಮುಂದೆ 1996ರಿಂದ 1999ರವರೆಗೆ ಅವರು ಮುಖ್ಯಮಂತ್ರಿಯಾಗಿದ್ದರು. 1997ರಲ್ಲಿ ಅವರ ಸರ್ಕಾರ ಹೊಸ ಜಿಲ್ಲೆಗಳನ್ನು ರಚಿಸಿದಾಗ, ಅಷ್ಟು ಕಾಲ ಶಿವಮೊಗ್ಗಕ್ಕೆ ಸೇರಿದ್ದ ಚನ್ನಗಿರಿ ದಾವಣಗೆರೆಯ ಪಾಲಾಯಿತು. ಮುಖ್ಯಮಂತ್ರಿಯ ಭಾವಚಿತ್ರ ಎಲ್ಲೂ ಸಿಗುತ್ತದೆ. ದಿಲ್ಲಿಯ ಸದನದಲ್ಲಿ ಎದ್ದು ನಿಂತು ತನ್ನೂರಿನ ನುಡಿಯಲ್ಲಿ ಮಾತು ಆರಂಭಿಸಿದ ಯುವ ಸಂಸದನ ಚಿತ್ರ ಎಲ್ಲೂ ಇಲ್ಲ. ಅದು ಗೋಡೆಗೆ ಬರಲಿ.

ಹಾಗೆಯೇ ಹೆಸರಿಲ್ಲದವರು ಬರಲಿ. ಅಡಿಕೆಯ ಸುಗ್ಗಿ ಬಂದರೆ ಇಲ್ಲಿನ ಊರೂರಿನಲ್ಲಿ ಮಾಡಿನ ಕೆಳಗೆ ಸಾಲಾಗಿ ಕುಳಿತು ಹಸಿ ಅಡಿಕೆ ಸುಲಿಯುವ ಹೆಂಗಸರು, ಬೇಯಿಸಿದ ಅಡಿಕೆಯನ್ನು ಹಂಡೆಯಿಂದ ಎತ್ತುವವರು, ಚೊಗರಿನ ಕಲೆ ಹತ್ತಿ ಕಪ್ಪಾದ ಕೈಗಳು, ಕೊನೆ ಇಳಿಸಲು ಮರದಿಂದ ಮರಕ್ಕೆ ದಾಟುವವರು, ತೋಟ ಚೇಣಿ ಹಿಡಿದು ಧಾರಣೆ ಏರುವುದನ್ನೇ ಕಾಯುವವರು. ಊರಿನ ಹಣ ಹುಟ್ಟಿದ್ದು ಈ ಕೈಗಳಿಂದ. ಕೆರೆಯ ತೂಬು ತೆಗೆದು ಹಾಕಿ, ಯಾರ ಗದ್ದೆಗೆ ಎಷ್ಟು ನೀರು ಎಂದು ತೀರ್ಮಾನಿಸುತ್ತಿದ್ದ ನೀರಗಂಟಿಯ ಚಿತ್ರ ಯಾವ ಕಚೇರಿಯಲ್ಲಿದೆ? ರಾಜ, ರಾಣಿಯರನ್ನು ಮಾತ್ರ ಬರೆದರೆ ಊರಿನ ಅರ್ಧ ಇತಿಹಾಸ ಗೋಡೆಯ ಹೊರಗೇ ಉಳಿಯುತ್ತದೆ.

ಇದೆಲ್ಲ ಹೊರದೇಶದಿಂದ ತಂದ ಹೊಸ ಚಪಲ ಎಂದು ಯಾರಾದರೂ ಅಂದುಕೊಂಡರೆ, ಅವರನ್ನು ಶ್ರೀರಂಗಪಟ್ಟಣಕ್ಕೆ ಕಳುಹಿಸಬೇಕು. 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ದರಿಯಾ ದೌಲತ್ ಅರಮನೆಯ ಮೊಗಸಾಲೆಯ ಗೋಡೆಯ ತುಂಬ ಚಿತ್ರಗಳಿವೆ. ಅವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಪೊಳ್ಳಿಲೂರು ಯುದ್ಧದ ಚಿತ್ರ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿ ನಡೆದ ಈ ಕಾಳಗದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ವಿಲಿಯಂ ಬೈಲಿಯ ಪಡೆ ಮೈಸೂರಿನವರ ಎದುರು ನೆಲಕಚ್ಚಿತು. ಸೆರೆಸಿಕ್ಕ ಬೈಲಿ 1782ರಲ್ಲಿ ಶ್ರೀರಂಗಪಟ್ಟಣದಲ್ಲೇ ಸತ್ತ. ಗೋಡೆಯ ಮೇಲೆ ಮದ್ದಿನ ಬಂಡಿ ಸಿಡಿಯುತ್ತಿದೆ, ಕಂಪನಿಯ ಸಿಪಾಯಿಗಳು ಚೌಕಟ್ಟು ಕಟ್ಟಿಕೊಂಡು ನಿಂತಿದ್ದಾರೆ, ಅವರ ನಡುವೆ ಬೈಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ, ಸುತ್ತ ಮೈಸೂರಿನ ಕುದುರೆಗಳು ನುಗ್ಗುತ್ತಿವೆ.

ಇದು ಗೆದ್ದವರ ಚಿತ್ರ, ನಿಜ. ಆದರೆ ಅದರ ಮುಂದಿನ ಪಾಡು ಕೇಳುವಂಥದ್ದು. 1799ರ ಮುತ್ತಿಗೆಗೆ ಮುಂಚೆಯೇ ಅದು ಅಳಿಸಿದ ಸ್ಥಿತಿಯಲ್ಲಿತ್ತು. ಟಿಪ್ಪು ಮಡಿದ ಮೇಲೆ ಇದೇ ಅರಮನೆಯಲ್ಲಿ ವಾಸ ಹೂಡಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಅದನ್ನು ಸರಿಪಡಿಸಿದ. ಮತ್ತೆ ಮಾಸಿದಾಗ, 1855ರಲ್ಲಿ ಇಲ್ಲಿಗೆ ಬಂದ ಗವರ್ನರ್ ಜನರಲ್ ಡಾಲ್‌ಹೌಸಿ ಅದನ್ನು ಪುನಃ ಬರೆಸಲು ಆಜ್ಞೆ ಕೊಟ್ಟ. ಮೂಲ ಚಿತ್ರ ನೆನಪಿದ್ದ ಇಲ್ಲಿನ ಕಲಾವಿದನೊಬ್ಬ ಆ ಕೆಲಸ ಮಾಡಿದ. ತಮ್ಮದೇ ಸೋಲಿನ ಚಿತ್ರವನ್ನು ಆಂಗ್ಲರು ಎರಡು ಬಾರಿ ಉಳಿಸಿಕೊಟ್ಟರು! ಸುಣ್ಣ ಬಳಿಸಿ ಮುಗಿಸುವುದು ಅವರಿಗೆ ಕಷ್ಟವಿರಲಿಲ್ಲ. ಹಾಗೇಕೆ ಮಾಡಲಿಲ್ಲ ಎಂಬುದಕ್ಕೆ ನನ್ನ ಊಹೆ ಇಷ್ಟು: ಆ ಗೋಡೆಯಲ್ಲಿ ಹೊಗಳಿಕೆಗಿಂತ ವಿವರ ಹೆಚ್ಚಿದೆ. ಸಮವಸ್ತ್ರ, ಫಿರಂಗಿ, ಸಾಲು, ಸಿಡಿದ ಬಂಡಿ, ಸೋತವನ ಮುಖ ಎಲ್ಲವೂ ಅಲ್ಲಿವೆ. ಬರೀ ಮುಖಸ್ತುತಿಯ ಚಿತ್ರವಾಗಿದ್ದರೆ ಆಳುವವರು ಬದಲಾದ ದಿನವೇ ಅದರ ಮೇಲೆ ಸುಣ್ಣ ಬೀಳುತ್ತಿತ್ತು. ನಮ್ಮ ಪಟ್ಟಣಗಳ ಗೋಡೆಗಳಿಗೂ ಈ ಮಾತು ಅನ್ವಯಿಸುತ್ತದೆ. ಇಂದಿನ ಶಾಸಕರನ್ನು ಮೆಚ್ಚಿಸಲು ಬರೆದದ್ದನ್ನು ಮುಂದಿನ ಶಾಸಕರ ಬೆಂಬಲಿಗರು ಅಳಿಸುತ್ತಾರೆ. ಊರು ತನ್ನ ಕಥೆಯೆಂದು ಗುರುತಿಸಿದ್ದನ್ನು ಯಾರೂ ಸುಲಭವಾಗಿ ಮುಟ್ಟಲಾರರು.

ಅರಮನೆಗಳಾಚೆಗೂ ನಮ್ಮಲ್ಲಿ ಈ ಪರಂಪರೆಯಿದೆ. ತುಮಕೂರು ಬಳಿಯ ಸೀಬಿಯ ನರಸಿಂಹಸ್ವಾಮಿ ದೇವಾಲಯದ ಚಿತ್ರಗಳಲ್ಲಿ ಪುರಾಣದ ಕಥೆಗಳ ಜೊತೆಗೇ ಆ ಕಾಲದ ದರಬಾರುಗಳೂ ಇವೆ. ಸಾಗರ, ಸೊರಬದ ಕಡೆಯ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಬಣ್ಣಗಳಿಂದ, ಪುಂಡಿ ನಾರಿನ ಕುಂಚದಿಂದ ಹಸೆ ಚಿತ್ತಾರ ಬರೆಯುತ್ತಾರೆ. ಯಾವ ಮನೆಯಲ್ಲಿ ಮದುವೆ ನಡೆಯಿತು, ಹೊಲದಲ್ಲಿ ಏನು ಬೆಳೆಯಿತು ಎಂಬುದನ್ನು ಆ ಗೆರೆಗಳಲ್ಲಿ ಓದಬಹುದು. ರಾಜಸ್ಥಾನದ ಶೇಖಾವಾಟಿಯ ಸಣ್ಣ ಊರುಗಳಲ್ಲಿ ವರ್ತಕರು ತಮ್ಮ ಹವೇಲಿಗಳ ಹೊರಗೋಡೆಯ ಮೇಲೆ ದೇವರ ಜೊತೆಗೆ ರೈಲು, ಮೋಟಾರು ಕಾರುಗಳನ್ನೂ ಬರೆಸಿದರು. ತಮ್ಮ ಕಾಲದಲ್ಲಿ ಕಂಡದ್ದನ್ನು ಗೋಡೆಗೆ ಹೇಳುವ ಅಭ್ಯಾಸ ಈ ದೇಶಕ್ಕೆ ಹೊಸದಲ್ಲ.

ಹೊರಗಿನ ಉದಾಹರಣೆಯೂ ಒಂದಿರಲಿ. ಕೆನಡಾದ ಪಶ್ಚಿಮ ತೀರದ ವ್ಯಾಂಕೂವರ್ ದ್ವೀಪದಲ್ಲಿ ಶಮೇನಸ್ ಎಂಬ ಪುಟ್ಟ ಊರು. ಅದು ಬದುಕಿದ್ದದ್ದು ಮರ ಕೊಯ್ಯುವ ಕಾರ್ಖಾನೆಯೊಂದರ ಮೇಲೆ. 1983ರಲ್ಲಿ ಆ ಕಾರ್ಖಾನೆ ಮುಚ್ಚಿತು. ಅದಕ್ಕೆ ಒಂದು ವರ್ಷ ಮೊದಲೇ, 1982ರಲ್ಲಿ, ಊರಿನವರು ತಮ್ಮ ಕಟ್ಟಡಗಳ ಹೊರಗೋಡೆಗಳ ಮೇಲೆ ತಮ್ಮ ಇತಿಹಾಸವನ್ನು ಬರೆಸಲು ತೊಡಗಿದ್ದರು. ಮರ ಕಡಿಯುವವರು, ಅಲ್ಲಿನ ಮೂಲನಿವಾಸಿಗಳು, ಚೀನಾದಿಂದ ಬಂದು ಅಂಗಡಿಯಿಟ್ಟವನು ಎಲ್ಲರೂ ಗೋಡೆಗೆ ಬಂದರು. ಅದನ್ನು ನೋಡಲು ಜನ ಬಂದರು, ಅವರ ಜೊತೆ ವ್ಯಾಪಾರವೂ ಬಂತು. ಚನ್ನಗಿರಿಗೆ ಅಂಥ ಪ್ರವಾಸಿಗರ ಪ್ರವಾಹ ಬರುತ್ತದೆಂದು ನಾನು ಹೇಳಲಾರೆ. ಇಲ್ಲಿನ ಗೋಡೆಯ ಮೊದಲ ಓದುಗರು ಊರಿನವರೇ. ಸಂತೇಬೆನ್ನೂರಿಗೆ ಬಂದವರು ಹೊದಿಗೆರೆಯನ್ನೂ ಸೂಳೆಕೆರೆಯನ್ನೂ ನೋಡಿ ಹೋಗುವಂತಾದರೆ ಅದು ಮೇಲಿನ ಲಾಭ.

ಆಕ್ಷೇಪಗಳಿಲ್ಲದೆ ಇಲ್ಲ. ಚರಂಡಿ ತುಂಬಿ ಹರಿಯುತ್ತಿರುವಾಗ ಚಿತ್ರಕ್ಕೆ ಹಣವೇ ಎಂದು ಪುರಸಭೆಯ ಸಭೆಯಲ್ಲಿ ಯಾರಾದರೂ ಎದ್ದು ಕೇಳಿಯೇ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ಗೋಡೆಗಳಿಗೆ ಈಗಲೂ ಖರ್ಚಾಗುತ್ತಿದೆ. ಯೋಜನೆಗಳ ಘೋಷಣೆ, ಸ್ವಚ್ಛತೆಯ ಉಪದೇಶ, ಹುಲಿ, ಜಲಪಾತ ಎಲ್ಲದಕ್ಕೂ ಬಿಲ್ಲು ಆಗುತ್ತದೆ. ಅದೇ ಹಣದಲ್ಲಿ ಏನು ಬರೆಸಬೇಕು ಎಂಬುದಷ್ಟೇ ಇಲ್ಲಿನ ಮಾತು.

ಬರೆಯುವವರು ಯಾರು? ಚನ್ನಗಿರಿಗೆ ಹೋಗಿದ್ದಾಗ ಅಂಗಡಿಯ ಬಾಗಿಲಿಗೆ ಹೆಸರು ಬರೆಯುತ್ತಿದ್ದ ಹಿರಿಯ ಕಲಾವಿದರೊಬ್ಬರು ಮಾತಿಗೆ ಸಿಕ್ಕರು. ಫ್ಲೆಕ್ಸ್ ಬಂದ ಮೇಲೆ ಕೆಲಸ ಹೋಯಿತು, ವಾಹನಗಳ ನಂಬರು ಬರೆದು ದಿನ ದೂಡಿದ್ದಾಯಿತು ಎಂದರು. ಗೋಡೆಗಳಿಗೆ ಏನೇನು ಬರೆದಿದ್ದೀರಿ ಎಂದು ಕೇಳಿದೆ. ‘ಅವರು ಫೋನಿನಲ್ಲಿ ಫೋಟೊ ತೋರಿಸ್ತಾರೆ ಸಾರ್, ನಾವು ಅದನ್ನೇ ಬರೀತೀವಿ. ಜೋಗ ಎಷ್ಟು ಸಲ ಬರ್ದೀನೋ ಲೆಕ್ಕ ಇಲ್ಲ. ಸೂಳೆಕೆರೆ ಬರೀರಿ ಅಂತ ಇದುವರೆಗೆ ಒಬ್ರೂ ಕೇಳಿಲ್ಲ’ ಎಂದರು. ಕೆರೆಯ ಏರಿ, ಗುಡ್ಡ, ತೂಬು ಯಾವುದಕ್ಕೂ ಅವರಿಗೆ ಫೋಟೊ ಬೇಕಿರಲಿಲ್ಲ. ಕೈಯಲ್ಲಿದ್ದ ಸೀಮೆಸುಣ್ಣದಿಂದ ಕಟ್ಟೆಯ ಕಲ್ಲಿನ ಮೇಲೆ ನಾಲ್ಕು ಗೆರೆಯಲ್ಲಿ ಬರೆದು ತೋರಿಸಿದರು.

2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಬ್ಯಾನರು, ಫ್ಲೆಕ್ಸುಗಳನ್ನು ನಿಷೇಧಿಸಿತು. ನಿಷೇಧ ಎಷ್ಟು ಜಾರಿಯಾಗಿದೆ ಎಂಬುದು ಓದುಗರಿಗೆ ಗೊತ್ತೇ ಇದೆ. ಆದರೆ ಕುಂಚ ಹಿಡಿಯಬಲ್ಲ ಇಂಥ ಕೈಗಳು ಪ್ರತಿ ತಾಲ್ಲೂಕಿನಲ್ಲೂ ಇನ್ನೂ ಕೆಲವು ಉಳಿದಿವೆ. ಪಕ್ಕದ ದಾವಣಗೆರೆಯಲ್ಲಿ ದಶಕಗಳ ಹಿನ್ನೆಲೆಯ ದೃಶ್ಯಕಲಾ ಮಹಾವಿದ್ಯಾಲಯವಿದೆ. ಊರು ಬಲ್ಲ ಹಿರಿಯ ಕೈ, ಕಲಿತು ಬಂದ ಎಳೆಯ ಕೈ ಎರಡನ್ನೂ ಒಂದು ಗೋಡೆಯ ಮುಂದೆ ನಿಲ್ಲಿಸುವುದಕ್ಕೆ ದೊಡ್ಡ ಸಮಿತಿಯೇನೂ ಬೇಕಿಲ್ಲ.

ಕೆಲವು ಎಚ್ಚರಿಕೆಗಳು ಮಾತ್ರ ಬೇಕು. ಕೋಟೆಯ ಗೋಡೆ, ಪುಷ್ಕರಣಿಯ ಕಟ್ಟೆ, ಹಳೆಯ ಗುಡಿಗಳಿಗೆ ಬಣ್ಣ ಬಳಿಯುವ ಯೋಚನೆಯೇ ಕೂಡದು. ಸಂರಕ್ಷಿತ ಸ್ಮಾರಕಗಳನ್ನು 1958ರ ಕಾಯ್ದೆ ಕಾಪಾಡುತ್ತದೆ, ಉಳಿದವನ್ನು ನಮ್ಮ ವಿವೇಕ ಕಾಪಾಡಬೇಕು. ಚಿತ್ರಕ್ಕೆ ಯೋಗ್ಯವಾದದ್ದು ಶಾಲೆ, ಆಸ್ಪತ್ರೆ, ನಿಲ್ದಾಣ, ಮಾರುಕಟ್ಟೆಗಳ ಸಾದಾ ಸಿಮೆಂಟು ಗೋಡೆ. ಅದರಲ್ಲೂ ಪಶ್ಚಿಮದ ಬಿಸಿಲಿಗೆ ಮುಖಮಾಡಿದ ಗೋಡೆಯಲ್ಲಿ ಬಣ್ಣ ಬೇಗ ಮಾಸುತ್ತದೆ. ಬುಡದಲ್ಲಿ ನೀರು ನಿಲ್ಲುವ ಗೋಡೆಯಲ್ಲಿ ತೇವ ಏರಿ ಪದರ ಏಳುತ್ತದೆ. ದರಿಯಾ ದೌಲತ್‌ನ ಚಿತ್ರಗಳಿಗೆ ಮುಂಚಾಚಿದ ಸೂರು, ಕಂಬಸಾಲಿನ ನೆರಳು ಇದ್ದವು. ಆದರೂ ಅವನ್ನು ಮತ್ತೆ ಮತ್ತೆ ಬರೆಯಬೇಕಾಯಿತು. ಬಯಲಿನ ಗೋಡೆಗೆ ಒಂದು ಅಡಿಯಷ್ಟಾದರೂ ಸೂರು, ಕೆಲವು ವರ್ಷಕ್ಕೊಮ್ಮೆ ತಿದ್ದಿಸಲು ಒಂದಿಷ್ಟು ಹಣ ಮೊದಲೇ ತೆಗೆದಿಡದಿದ್ದರೆ, ರಾಣಿಯ ಮುಖ ಕಿತ್ತು ಬಂದು ಹೆಮ್ಮೆಯ ಜಾಗದಲ್ಲಿ ನಾಚಿಕೆ ಉಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಬಣ್ಣಕ್ಕೆ ಮುಂಚಿನ ಕೆಲಸ. ಯಾವ ಪ್ರಸಂಗ, ಯಾವ ಇಸವಿ, ಕೆಳಗೆ ಯಾವ ಸಾಲು ಎಂಬ ಕರಡನ್ನು ತಾಲ್ಲೂಕಿನ ಅಧ್ಯಾಪಕರು, ಇತಿಹಾಸ ಬಲ್ಲವರು ಸಿದ್ಧಪಡಿಸಲಿ. ಅದನ್ನು ಒಂದು ತಿಂಗಳು ಪುರಸಭೆಯ ಕಚೇರಿಯಲ್ಲೂ ಗ್ರಂಥಾಲಯದಲ್ಲೂ ಹಚ್ಚಿಡಲಿ. ತಕರಾರು ಇದ್ದವರು ಬರೆದು ಕೊಡಲಿ, ಬಹಿರಂಗವಾಗಿ ವಾದಿಸಲಿ. ಸಂತೇಬೆನ್ನೂರಿನ ಕಥೆಗೆ, ಸೂಳೆಕೆರೆಯ ಹೆಸರಿಗೆ ವಾದ ನಡೆದೇ ನಡೆಯುತ್ತದೆ, ನಡೆಯಬೇಕು. ಗೋಡೆಗೆ ಏರಿದ ಮೇಲೆ ರಾತ್ರೋರಾತ್ರಿ ಡಾಂಬರು ಬಳಿಯುವುದಕ್ಕಿಂತ, ಏರುವ ಮೊದಲು ಹಗಲಿನಲ್ಲಿ ಜಗಳವಾಡುವುದು ಮೇಲು. ಬದುಕಿರುವ ಯಾವ ರಾಜಕಾರಣಿಯ ಮುಖವೂ ಇರಕೂಡದು ಎಂಬ ಒಂದು ನಿಯಮವನ್ನು ಮೊದಲ ದಿನವೇ ಠರಾವು ಮಾಡಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ.

ಚನ್ನಗಿರಿಯನ್ನು ಉದಾಹರಣೆಗೆ ತೆಗೆದುಕೊಂಡೆನಷ್ಟೆ. ಹೊನ್ನಾಳಿ, ನ್ಯಾಮತಿ, ಜಗಳೂರು, ಇನ್ನಾವುದೇ ತಾಲ್ಲೂಕು ಕೇಂದ್ರಕ್ಕೆ ಹೋದರೂ ಇಂಥದೇ ಒಂದು ಪಟ್ಟಿ ಸಿದ್ಧವಾಗಿ ಕಾದಿರುತ್ತದೆ. ಕೇಳುವವರು ಬೇಕು. ಈ ವರ್ಷ ಒಂದು ಗೋಡೆ ಸಾಕು. ಅದರ ಮೇಲೆ ಸೂಳೆಕೆರೆಯ ಏರಿ, ತೂಬಿನ ಬಳಿ ನೀರಗಂಟಿ, ದೂರದಲ್ಲಿ ಗುಡ್ಡ, ಕೆಳಗೆ ಕೆರೆಯ ಎರಡೂ ಹೆಸರು. ಬರೆಯಬಲ್ಲವರು ಊರಿನಲ್ಲೇ ಇದ್ದಾರೆ. ಬರೆಯಿರಿ ಎಂದು ಹೇಳುವ ಮೊದಲಿಗರು ಯಾರು ಎಂಬುದಷ್ಟೇ ಗೊತ್ತಾಗಬೇಕಿದೆ.